ಹುಡುಕುವವನ ಜಾಗದಲ್ಲಿ ನಿಲ್ಲಿಸಿದ ಆಟ

ಜನಪ್ರಿಯ ರಹಸ್ಯ ಧಾರಾವಾಹಿಗಳನ್ನು ಆಧರಿಸಿದ ವಿಡಿಯೊ ಗೇಮ್‌ಗಳೆಲ್ಲ ಹೆಸರನ್ನು ಮಾರಿಕೊಳ್ಳುವ ಸರಕುಗಳೇ ಎಂಬ ಲೇಖನದ ಮಾತನ್ನು ನಾನು ಒಪ್ಪಲಾರೆ. ಅಮೆರಿಕದ ಟಿ.ವಿ. ಧಾರಾವಾಹಿ ‘ದಿ ಎಕ್ಸ್-ಫೈಲ್ಸ್’ ಅನ್ನು ಆಧರಿಸಿ 1998ರಲ್ಲಿ ಹೈಪರ್‌ಬೋಲ್ ಸ್ಟುಡಿಯೋಸ್ ರೂಪಿಸಿದ ‘ದಿ ಎಕ್ಸ್-ಫೈಲ್ಸ್ ಗೇಮ್’ ಅನ್ನು ಗಮನಿಸಬೇಕು. ಧಾರಾವಾಹಿಯ ನಾಯಕರಾದ, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿಗಳಾದ ಮಲ್ಡರ್ ಅಥವಾ ಸ್ಕಲ್ಲಿಯ ಪಾತ್ರವನ್ನು ನಮ್ಮ ಕೈಗೆ ಕೊಡದೆ, ಕಾಣೆಯಾದ ಅವರಿಬ್ಬರನ್ನು ಹುಡುಕುವ ಹೊಣೆ ಹೊತ್ತ ಸಿಯಾಟಲ್‌ನ ಎಫ್‌ಬಿಐ ಅಧಿಕಾರಿ ಕ್ರೇಗ್ ವಿಲ್ಮೋರ್‌ನ ಜಾಗದಲ್ಲಿ ಆಟಗಾರನನ್ನು ನಿಲ್ಲಿಸಿದ್ದು ಅದರ ಅತ್ಯಂತ ವಿವೇಕದ ನಿರ್ಧಾರ. ಏಕೆಂದರೆ ನಾಯಕರಿಗೆ ಗೊತ್ತಿರುವುದು ವಿಲ್ಮೋರ್‌ಗೆ ಗೊತ್ತಿಲ್ಲ. ಹೀಗಾಗಿ ಅವನ ಅನುಮಾನ, ತಡಕಾಟಗಳೆಲ್ಲ ಸಹಜವಾಗಿಯೇ ನಮ್ಮವಾಗುತ್ತವೆ, ಧಾರಾವಾಹಿಯನ್ನು ನೋಡುವಾಗ ಕಾಡುತ್ತಿದ್ದ ಅದೇ ಅನಿಶ್ಚಿತತೆ ಇಲ್ಲಿ ಆಡುವ ಕ್ರಿಯೆಯಾಗಿಯೇ ಮಾರ್ಪಡುತ್ತದೆ.

ಕಥೆಯ ರಚನೆಯಲ್ಲಿ ಧಾರಾವಾಹಿಯ ಸೃಷ್ಟಿಕರ್ತ ಕ್ರಿಸ್ ಕಾರ್ಟರ್ ಪಾಲ್ಗೊಂಡಿದ್ದರು. ಮಲ್ಡರ್, ಸ್ಕಲ್ಲಿಯ ಪಾತ್ರಧಾರಿಗಳಾದ ಡೇವಿಡ್ ಡುಕೊವ್ನಿ ಮತ್ತು ಜಿಲಿಯನ್ ಆ್ಯಂಡರ್ಸನ್ ಸ್ವತಃ ನಟಿಸಿದ್ದರು. ಚಿತ್ರೀಕರಿಸಿದ ದೃಶ್ಯಗಳಿಂದಲೇ ಕಟ್ಟಿದ್ದರಿಂದ ಆಟ ಕಂಪ್ಯೂಟರಿನಲ್ಲಿ 7 ಸಿ.ಡಿ.ಗಳಷ್ಟು ಬೆಳೆಯಿತು. ಪರದೆಯ ಮೂಲೆಮೂಲೆಯಲ್ಲಿ ಸುಳಿವಿಗಾಗಿ ಕ್ಲಿಕ್ಕಿಸುತ್ತಾ ಹೋಗುವುದು ಬೇಸರ ತರಿಸುತ್ತದೆ, ನಿಜ. ಆದರೂ, ವಿಮಾನ ಅಪಘಾತದಲ್ಲಿ ಬದುಕುಳಿದವರ ಕಥೆಯಾದ ‘ಲಾಸ್ಟ್’ ಧಾರಾವಾಹಿಯನ್ನು ಆಧರಿಸಿದ 2008ರ ಆಟ ‘ಲಾಸ್ಟ್: ವಿಯಾ ಡೋಮಸ್’ ಕೂಡ, ಧಾರಾವಾಹಿಯಲ್ಲಿಲ್ಲದ, ನೆನಪು ಕಳೆದುಕೊಂಡ ಹೊಸ ಪ್ರಯಾಣಿಕನೊಬ್ಬನನ್ನೇ ನಾಯಕನನ್ನಾಗಿಸಿಕೊಂಡಿತೆಂಬುದನ್ನು ಲೇಖಕರು ಪರಿಗಣಿಸಬೇಕಿತ್ತು.