ಸ್ಮಶಾನದ ದಾರಿ, ಪಕ್ಕದ ಕಾಲೊನಿಯ ನೀರು

ಎರಡು ವರ್ಷಗಳ ಹಿಂದೆ ನಮ್ಮ ಊರಿನ ಗ್ರಾಮಸಭೆಗೆ ಚರ್ಚಿನಿಂದ ಹದಿನೆಂಟು ಜನ ಒಟ್ಟಾಗಿ ಹೋಗಿದ್ದೆವು. ನಮ್ಮ ಸ್ಮಶಾನದ ದಾರಿ ಮಳೆಗಾಲದಲ್ಲಿ ಕೆಸರಾಗಿ, ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಜಾರಿ ಬೀಳುವ ಸ್ಥಿತಿಯಿತ್ತು. ದಾರಿಗೆ ಕಾಂಕ್ರೀಟ್ ಹಾಕಿಸಬೇಕೆಂಬ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡದ್ದೇ ತಡ, ನಾವೆಲ್ಲ ಎದ್ದು ಹೊರಟೆವು. ನಾನು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ, ಪಕ್ಕದ ಕಾಲೊನಿಯ ಹೆಂಗಸೊಬ್ಬರು ಎದ್ದು ನಿಂತು, ನಾಲ್ಕು ದಿನಕ್ಕೊಮ್ಮೆ ಬರುವ ನೀರಿನ ಕಷ್ಟವನ್ನು ಹೇಳತೊಡಗಿದ್ದರು. ಅವರ ಹಿಂದೆ ನಮ್ಮ ಹದಿನೆಂಟು ಕುರ್ಚಿಗಳು ಖಾಲಿಯಾಗಿದ್ದವು. ಆ ದೃಶ್ಯ ಇಂದಿಗೂ ನನ್ನನ್ನು ಕಾಡುತ್ತಿದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡ ಎರಡಕ್ಕಿಂತಲೂ ಕಡಿಮೆ. 2008ರಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ನಾವು ಬೀದಿಗಿಳಿದೆವು; 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗಲೂ ದನಿಯೆತ್ತಿದೆವು. ಅದು ನ್ಯಾಯವೇ ಆಗಿತ್ತು. ಆದರೆ ನಮ್ಮ ಮೈಗೆ ಬಿಸಿ ತಾಗಿದಾಗ ಮಾತ್ರ ಎಚ್ಚರಗೊಳ್ಳುವ ರಾಜಕೀಯ ಪ್ರಜ್ಞೆಯನ್ನು ಕ್ರಿಸ್ತನ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವುದು ನನ್ನಿಂದಾಗದು.

ನಮ್ಮ ಹಿರಿಯರು ಹೀಗಿರಲಿಲ್ಲ. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಹರೇಂದ್ರ ಕುಮಾರ್ ಮುಖರ್ಜಿ ಕ್ರೈಸ್ತರು. ಮದ್ರಾಸಿನಿಂದ ಅದೇ ಸಭೆಗೆ ಆಯ್ಕೆಯಾಗಿದ್ದ, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಗುರು ಜೆರೋಮ್ ಡಿಸೋಜ ನಮ್ಮ ಮಂಗಳೂರಿನವರು. ಧರ್ಮದ ಆಧಾರದ ಮೀಸಲು ಸ್ಥಾನಗಳನ್ನು ಕೈಬಿಡುವ ಪ್ರಶ್ನೆ 1949ರ ಮೇ ತಿಂಗಳಿನಲ್ಲಿ ಸಭೆಯ ಮುಂದೆ ಬಂದಾಗ ಇಬ್ಬರೂ ಅದಕ್ಕೆ ಒಪ್ಪಿಗೆ ನೀಡಿದರು. ನಮಗೆಂದೇ ಮೀಸಲಾದ ಸ್ಥಾನಗಳ ಭದ್ರತೆಗಿಂತ, ಎಲ್ಲರೊಡನೆ ಬೆರೆತು ಎಲ್ಲರ ವಿಶ್ವಾಸ ಗಳಿಸುವ ಕಷ್ಟದ ದಾರಿಯನ್ನು ಅವರು ಆರಿಸಿಕೊಂಡರೆಂದೇ ನಾನು ತಿಳಿದಿದ್ದೇನೆ. ಅದಕ್ಕೂ ಮೊದಲು, 1948ರ ಡಿಸೆಂಬರಿನಲ್ಲಿ, ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಸಂವಿಧಾನದಲ್ಲಿ ಇರಬೇಕೇ ಎಂಬ ಚರ್ಚೆ ನಡೆದಾಗ ಅದರ ಪರವಾಗಿ ಮಾತನಾಡಿದವರಲ್ಲಿ ಸಭೆಯ ಸದಸ್ಯರಾದ ಕೆ. ಎಂ. ಮುನ್ಶಿ ಮತ್ತು ಟಿ. ಟಿ. ಕೃಷ್ಣಮಾಚಾರಿಯವರಿದ್ದರು. ಅವರು ಕ್ರೈಸ್ತರಲ್ಲ. ನಮಗಾಗಿ ಅವರು ಎದ್ದು ನಿಂತಿದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಭಾನುವಾರದ ಶಾಲೆಯಲ್ಲೇ ಹೇಳಿಕೊಡಬೇಕು.

ಚುನಾವಣೆಯ ಹಿಂದಿನ ಭಾನುವಾರ ಚರ್ಚಿನ ಪ್ರಸಂಗ ಪೀಠದಿಂದ ಅಭ್ಯರ್ಥಿಯ ಸುಳಿವು ಕೊಡುವ ರೂಢಿ ಕೆಲವೆಡೆ ಇದೆ. ಇದನ್ನು ನಾನು ಸಂಪೂರ್ಣವಾಗಿ ವಿರೋಧಿಸುತ್ತೇನೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೆಯ ಕಲಮು ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನಷ್ಟೇ ಅಲ್ಲ, ಇಂಥವರಿಗೆ ಮತ ಹಾಕಿದರೆ ಅಥವಾ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುವಿರೆಂದು ಮತದಾರರನ್ನು ನಂಬಿಸುವುದನ್ನೂ ಚುನಾವಣಾ ಭ್ರಷ್ಟಾಚಾರವೆಂದು ಪರಿಗಣಿಸುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಆರಾಧನೆಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುವ ಜನ ಬೇರೆ ಬೇರೆ ಪಕ್ಷಗಳಿಗೆ ಮತ ಹಾಕಿ ಬಂದು ಅದೇ ಬೆಂಚಿನಲ್ಲಿ ಕೂರಬಲ್ಲರೆಂಬುದೇ ಚರ್ಚಿನ ಆರೋಗ್ಯದ ಗುರುತು. ಗುರುಗಳು ನ್ಯಾಯದ ಬಗ್ಗೆ, ಬಡವರ ಬಗ್ಗೆ, ಸುಳ್ಳಿನ ಬಗ್ಗೆ ಗಟ್ಟಿಯಾಗಿ ಮಾತನಾಡಲಿ. ಯಾರಿಗೆ ಮತವೆಂಬುದನ್ನು ಮನಸ್ಸಾಕ್ಷಿಗೆ ಬಿಡಲಿ.

ಹಾಗೆ ಗಟ್ಟಿಯಾಗಿ ಮಾತನಾಡುವುದಕ್ಕೆ ನಮಗಿರುವ ಅಡ್ಡಿ ಭಯ. ಶಾಲೆಯ ಮಾನ್ಯತೆ, ಆಸ್ಪತ್ರೆಯ ಪರವಾನಗಿ, ಜಮೀನಿನ ಖಾತೆ ಎಂದು ನಮ್ಮ ಸಂಸ್ಥೆಗಳ ಕಡತಗಳು ಸದಾ ಯಾವುದಾದರೊಂದು ಮೇಜಿನ ಮೇಲಿರುತ್ತವೆ. ಹಾಗಾಗಿ ಯಾವ ಪಕ್ಷ ಬಂದರೂ ಹಾರ ಹಿಡಿದು ಹೋಗುತ್ತೇವೆ. ಆದರೆ ಬೈಬಲಿನಲ್ಲಿ, ಅರಸನಾದ ಆಹಾಬನು ನಾಬೋತನೆಂಬ ಪ್ರಜೆಯ ದ್ರಾಕ್ಷಿತೋಟವನ್ನು ಕಿತ್ತುಕೊಂಡಾಗ ಪ್ರವಾದಿ ಎಲೀಯನು ಅವನೆದುರು ಹೋಗಿ ನಿಂತನು. ನಾಬೋತನು ಎಲೀಯನ ಬಂಧುವೆಂದು ಧರ್ಮಗ್ರಂಥದಲ್ಲಿ ಎಲ್ಲಿಯೂ ಇಲ್ಲ.

ಈ ವರ್ಷದ ಗ್ರಾಮಸಭೆಗೆ ನಾವು ಆರೇ ಜನ ಹೋದೆವು, ಕೊನೆಯವರೆಗೂ ಕುಳಿತೆವು. ಕಾಲೊನಿಯ ನೀರಿನ ಅರ್ಜಿಗೆ ಸಹಿ ಹಾಕಲು ಪೆನ್ನು ಕೇಳಿದಾಗ ಆ ಹೆಂಗಸು ನನ್ನ ಮುಖ ನೋಡಿ, "ನಿಮ್ಮ ದಾರಿ ಆಯ್ತಲ್ಲ ಅಣ್ಣಾ, ಮತ್ತೆ ಯಾಕೆ ಬಂದ್ರಿ?" ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗಲೇ ಅವರು ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿಕೊಟ್ಟರು.