ಚೀಟಿಯಲ್ಲಿ ಹದಿನಾಲ್ಕು, ಕೈಯಲ್ಲಿ ಎರಡು ದಿನ

ಊರಿನಿಂದ ಮುಂಬೈಗೆ ಹೊರಟವರ ಚೀಲದಲ್ಲಿ ಮೂರು ಸಾಮಾನು ಖಾಯಂ: ಹಲಸಿನ ಹಪ್ಪಳ, ಉಪ್ಪಿನಕಾಯಿ ಮತ್ತು ನೋಡಬೇಕಾದ ಜಾಗಗಳ ಚೀಟಿ. ಮೊದಲೆರಡಕ್ಕೆ ಯಾರ ತಕರಾರೂ ಇಲ್ಲ. ಚೀಟಿಯಲ್ಲಿ ಮಾತ್ರ 14 ಹೆಸರು, ಉಳಿಯುವುದು ಎರಡೇ ದಿನ. "ಎಲ್ಲ ಮುಂಬೈಯಲ್ಲೇ ಅಲ್ವಾ ಮಾರಾಯ?" ಎಂದು ಚಿಕ್ಕಮ್ಮ ಕೇಳುತ್ತಾರೆ. ಹೌದು ಚಿಕ್ಕಮ್ಮ, ಮುಂಬೈಯಲ್ಲೇ. ಆದರೆ ಕನ್ಹೇರಿ ಗುಹೆ ನೋಡಲು ಇಳಿಯಬೇಕಾದ ಬೋರಿವಲಿ ದಕ್ಷಿಣ ತುದಿಯ ಚರ್ಚ್‌ಗೇಟಿನಿಂದ ರೈಲಿನಲ್ಲೇ 34 ಕಿಲೋಮೀಟರು. ಹೆಚ್ಚುಕಡಿಮೆ ಉಡುಪಿಯಿಂದ ಕುಂದಾಪುರ.

ಹಾಗಾಗಿ ಚೀಟಿಯನ್ನು ಮೊದಲು ಹರಿಯಬೇಕು. ಹೆಸರು ನೋಡಿ ಅಲ್ಲ, ರೈಲಿನ ಲೈನ್ ನೋಡಿ. ವೆಸ್ಟರ್ನ್ ಲೈನಿನಲ್ಲಿ ಚರ್ನಿ ರೋಡಿಗೆ ಇಳಿದರೆ ಗಿರ್ಗಾಂವ್ ಚೌಪಾಟಿ. ಮಹಾಲಕ್ಷ್ಮಿ ಸ್ಟೇಷನ್ನಿನ ಹೊರಗಿನ ಸೇತುವೆ ಮೇಲೆ ನಿಂತರೆ ಧೋಬಿಘಾಟ್ ಬಿಟ್ಟಿಯಾಗಿ ಕಾಣುತ್ತದೆ, ಅಲ್ಲಿಂದ ಹಾಜಿ ಅಲಿ ದರ್ಗಾಕ್ಕೆ ಟ್ಯಾಕ್ಸಿ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿಗೆ ಇಳಿದವರಿಗೆ ಆ ಸ್ಟೇಷನ್ ಕಟ್ಟಡವೇ ಒಂದು ಜಾಗ. 2004ರಿಂದ ಅದು ವಿಶ್ವ ಪರಂಪರೆಯ ತಾಣ. ಊರಿನವರು ಅದರೊಳಗೇ ನಿಂತು, "ಇಲ್ಲಿ ನೋಡಲಿಕ್ಕೆ ಏನುಂಟು?" ಎನ್ನುವುದು ವಾಡಿಕೆ. ಹೊರಗೆ ಬಂದು ರಸ್ತೆ ದಾಟಿ ತಿರುಗಿ ನೋಡಬೇಕು, ಅದೂ ದೀಪ ಹಚ್ಚಿದ ಮೇಲೆ.

ಎರಡನೇ ಕತ್ತರಿ ವಾರದ್ದು. ಸೋಮವಾರ ಎಲಿಫೆಂಟಾ ದ್ವೀಪದ ಗುಹೆಗಳೂ ಬಂದ್, ಕನ್ಹೇರಿ ಇರುವ ಬೋರಿವಲಿಯ ರಾಷ್ಟ್ರೀಯ ಉದ್ಯಾನವೂ ಬಂದ್. ಮಂಗಳವಾರ ಸಿದ್ಧಿವಿನಾಯಕನಿಗೆ ರಜೆ ಇಲ್ಲ, ಇಡೀ ಮುಂಬೈ ಸಾಲಿನಲ್ಲಿ ನಿಂತಿರುತ್ತದೆ. ಬುಧವಾರ ರಾಣಿಬಾಗ್ ಮೃಗಾಲಯದ ಪೆಂಗ್ವಿನ್‌ಗಳು ಯಾರನ್ನೂ ಭೇಟಿಯಾಗುವುದಿಲ್ಲ. ಸರಿ, ಭಾನುವಾರ ಎನ್ನೋಣವೇ? ಅವತ್ತು ಹಳಿ ರಿಪೇರಿಯ ಮೆಗಾ ಬ್ಲಾಕ್. ಸ್ಲೋ ಗಾಡಿಯನ್ನು ಫಾಸ್ಟ್ ಹಳಿಗೆ ಹಾಕುತ್ತಾರೆ, ನೀವು ಇಳಿಯಬೇಕಾದ ಸಣ್ಣ ಸ್ಟೇಷನ್ ಕಿಟಕಿಯಲ್ಲಿ ಟಾಟಾ ಹೇಳಿ ಹೋಗುತ್ತದೆ.

ಎಲಿಫೆಂಟಾವನ್ನು ಊಟವಾದ ಮೇಲಿನ ಕೆಲಸ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಗೆ ಒಂದು ಗಂಟೆ, ಬರಲು ಇನ್ನೊಂದು. ಇಳಿದ ಮೇಲೆ ಆಟಿಕೆ ರೈಲು ಅಥವಾ ನಡಿಗೆ, ಅನಂತರ 120 ಮೆಟ್ಟಿಲು. ಮೆಟ್ಟಿಲ ಎರಡೂ ಬದಿ ಸರ, ಟೋಪಿ, ಕಲ್ಲಿನ ಆನೆ ಮಾರುವ ಅಂಗಡಿಗಳು. ಚಿಕ್ಕಮ್ಮ ಪ್ರತಿಯೊಂದರಲ್ಲೂ ದರ ಕೇಳುವುದರಿಂದ ಅರ್ಧ ಗಂಟೆ ಜಾಸ್ತಿ ಹಿಡಿಯಿರಿ. ಕೈಯಲ್ಲಿ ಜ್ಯೂಸ್ ಬಾಟಲಿ ಕಂಡರೆ ಮಂಗ ಕೇಳುವುದಿಲ್ಲ, ಕಿತ್ತುಕೊಳ್ಳುತ್ತದೆ. ಎಲ್ಲ ಸೇರಿ ಐದು ಗಂಟೆ ಬೇಕು, ಬೆಳಗಿನ ದೋಣಿಯೇ ಸರಿ. ಹೋಗಿಬರುವ ಟಿಕೆಟನ್ನು ಗುಹೆಯ ಟಿಕೆಟಿನ ಜೊತೆ ಕಸದ ಬುಟ್ಟಿಗೆ ಹಾಕಬೇಡಿ. ಜೋರು ಮಳೆಗಾಲದಲ್ಲಿ ಸಮುದ್ರ ಕೆಟ್ಟರೆ ದೋಣಿಯೇ ಇಲ್ಲ. ಇಷ್ಟೆಲ್ಲ ಆಗಿ ಮೂರಾಳೆತ್ತರದ ಆ ತ್ರಿಮೂರ್ತಿಯ ಎದುರು ನಿಂತಾಗ, ದರ ಕೇಳುವವರೂ ಐದು ನಿಮಿಷ ಸುಮ್ಮನಾಗುತ್ತಾರೆ.

ಹಾಜಿ ಅಲಿಗೆ ಹೋಗುವವರು ಕ್ಯಾಲೆಂಡರಿನ ಜೊತೆ ಭರತ ಇಳಿತವನ್ನೂ ನೋಡಬೇಕು. ದರ್ಗಾಕ್ಕೆ ಇರುವುದು ಸಮುದ್ರದ ನಡುವಿನ ಒಂದೇ ದಾರಿ, ದೊಡ್ಡ ಭರತಕ್ಕೆ ಅದು ನೀರಿನಡಿ ಹೋಗುತ್ತದೆ.

ಇನ್ನು ಲೋಕಲ್. ಜಾಗ ಎಷ್ಟೇ ಚೆನ್ನಾಗಿ ಆರಿಸಿದರೂ ಬಳಗ ಹರಿದುಹೋಗುವುದು ಇಲ್ಲೇ. ಗಾಡಿ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. "ನೀವು ಮೊದಲು ಹತ್ತಿ", "ಇಲ್ಲ, ನೀವು" ಎನ್ನುವ ಊರಿನ ಮರ್ಯಾದೆಗೆ ಅಷ್ಟು ಹೊತ್ತು ಸಾಲದು. ಚಿಕ್ಕಮ್ಮ ಲೇಡೀಸ್ ಡಬ್ಬಿಗೆ, ಚಿಕ್ಕಪ್ಪ ಜನರಲ್ಲಿಗೆ. ಇರುವ ಒಂದು ಫೋನು ಚಿಕ್ಕಪ್ಪನ ಜೇಬಿನಲ್ಲಿ, ಸ್ಟೇಷನ್ ಹೆಸರು ಚಿಕ್ಕಮ್ಮನ ಬಾಯಲ್ಲಿ. ಹತ್ತುವ ಮುಂಚೆಯೇ ಒಂದು ಕರಾರು ಮಾಡಿಕೊಳ್ಳಿ: ಉಳಿದವರು ಮುಂದಿನ ಗಾಡಿಗೆ ಬರಬೇಕು, ಇಳಿದವರು ಅದೇ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಕೆಳಗೆ ಅಲ್ಲಾಡದೆ ನಿಲ್ಲಬೇಕು. ಬೆಳಿಗ್ಗೆ 8ರಿಂದ 11 ದಕ್ಷಿಣಕ್ಕೂ, ಸಂಜೆ 5ರಿಂದ 9 ಉತ್ತರಕ್ಕೂ ಅತಿಥಿಗಳನ್ನು ಸಾಗಿಸುವುದು ಪಾಪ. ಇಳಿಯುವ ಒಂದು ಸ್ಟೇಷನ್ ಮುಂಚೆಯೇ ಬಾಗಿಲ ಹತ್ತಿರ ಬನ್ನಿ, ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆಂದು ಪಕ್ಕದವರನ್ನು ಕೇಳಿ. ದೂರ ಹೋಗುವವರಿಂದಲೇ ತುಂಬಿದ ವಿರಾರ್ ಫಾಸ್ಟ್ ಹತ್ತಿ ನಡುವೆ ಬೋರಿವಲಿಯಲ್ಲಿ ಇಳಿಯುತ್ತೇನೆ ಎನ್ನುವವರ ಜೊತೆ ನಂಟಸ್ತಿಕೆ ಬೇಡ.

ರಿಕ್ಷಾದಲ್ಲೇ ಗೇಟ್‌ವೇಗೆ ಹೋಗೋಣ ಎಂದು ಭಾವ ಹಟ ಹಿಡಿದರೆ ಹಿಡಿಯಲಿ. ರಿಕ್ಷಾ ಬಾಂದ್ರಾ, ಸಾಯನ್ನಿನಿಂದ ಆಚೆ ದಕ್ಷಿಣಕ್ಕೆ ಬರುವುದೇ ಇಲ್ಲ. ಬಾಂದ್ರಾ-ವರ್ಲಿ ನಡುವಿನ ಸಮುದ್ರ ಸೇತುವೆ ಸೀ ಲಿಂಕಿನ ಮೇಲೆ ನಡೆಯಲಿಕ್ಕೂ ಬಿಡುವುದಿಲ್ಲ. ಇನ್ನು ಸಿನಿಮಾ ನಟರ ಮನೆ ಎಂದರೆ ಗೇಟು. ಗೇಟಿನ ಮುಂದೆ ಅದೇ ಗೇಟು ನೋಡಲು ಬಂದ ನೂರು ಜನ.

ಇಷ್ಟು ಕತ್ತರಿಸಿದ ಮೇಲೆ ಚೀಟಿಯಲ್ಲಿ ಐದು ಉಳಿಯುತ್ತವೆ, ಚಿಕ್ಕಮ್ಮನ ಮುಖ ಸಣ್ಣದಾಗುತ್ತದೆ. ಆಗ ಹೇಳಲು ಒಂದು ಸಮಾಧಾನ ಉಂಟು: ಯಾರ ಭೇಟಿಯ ನೆನಪಿಗೆ ಗೇಟ್‌ವೇ ಕಟ್ಟಿದರೋ ಆ ಐದನೇ ಜಾರ್ಜ್ ದೊರೆಗೆ 1911ರಲ್ಲಿ ನೋಡಲು ಸಿಕ್ಕಿದ್ದು ರಟ್ಟಿನ ಮಾದರಿ. ಕಲ್ಲಿನದು ಮುಗಿದದ್ದು 1924ರಲ್ಲಿ.

ಅಷ್ಟಕ್ಕೂ ಮುಖ ಅರಳದಿದ್ದರೆ ಮಾಟುಂಗಾಕ್ಕೆ ಕರೆದೊಯ್ಯಿರಿ. ಉಡುಪಿಯಿಂದ ಇಡೀ ರಾತ್ರಿ ರೈಲಿನಲ್ಲಿ ಬಂದವರು ಅಲ್ಲಿ ಉಡುಪಿ ಊಟಕ್ಕೆ ಸಾಲು ನಿಲ್ಲುತ್ತಾರೆ. "ಸಾರಿಗೆ ಬೆಲ್ಲ ಸ್ವಲ್ಪ ಕಡಿಮೆ" ಎಂದು ಹೇಳಿ, ಚಿಕ್ಕಮ್ಮ ಎರಡನೇ ಸಲ ಬಡಿಸಿಕೊಳ್ಳುತ್ತಾರೆ.