ಓನರ್ ಸ್ವಲ್ಪ ಕಿರಿಕ್ ಸಾರ್

ಕಳೆದ ಗುರುವಾರ ಮಧ್ಯಾಹ್ನ, ಊಟ ಮುಗಿಸಿ ಕಣ್ಣು ಮುಚ್ಚುವ ಹೊತ್ತಿಗೆ ಫೋನ್ ಬಂತು. "ಸಾರ್, ನೀವು ಹನುಮಂತನಗರದ ಕಡೆ ಪ್ರಾಪರ್ಟಿ ನೋಡ್ತಿದ್ದೀರಂತೆ?" ಅಂದಿತು ಒಂದು ಹುರುಪಿನ ದನಿ. ನಾನು ಯಾವ ಪ್ರಾಪರ್ಟಿಯನ್ನೂ ನೋಡುತ್ತಿರಲಿಲ್ಲ. ಹೇಳುವಷ್ಟು ಹೇಳಲಿ ಅಂತ ಸುಮ್ಮನಿದ್ದೆ. "ಒಳ್ಳೇದೊಂದು ಬಂದಿದೆ ಸಾರ್. 30-40, ಈಸ್ಟ್ ಫೇಸಿಂಗ್, ಹಳೇ ಮನೆ, ಮುಂದೆ ಒಂದು ತೆಂಗಿನಮರ. ಓನರ್ ಅರ್ಜೆಂಟಲ್ಲಿದ್ದಾರೆ. ಡಿಸ್ಟ್ರೆಸ್ ಸೇಲು. ಒಂದು ಕೋಟಿ ಎಪ್ಪತ್ತಕ್ಕೆ ಮುಗಿಸಿಕೊಡ್ತೀನಿ."

ತೆಂಗಿನಮರ ಅಂದಾಗಲೇ ಅನುಮಾನ ಬಂತು. ಯಾವ ಕ್ರಾಸು ಅಂತ ಕೇಳಿದೆ. ಹೇಳಿದ. ಅದು ನಮ್ಮ ಕ್ರಾಸು. ಎದುರಿಗೆ ಹಿಟ್ಟಿನ ಗಿರಣಿ ಇದೆ ಅಂದ. ಅದರ ಹೊಟ್ಟನ್ನು ದಿನಾ ನಮ್ಮ ಜಗಲಿಯಿಂದ ಗುಡಿಸುವವನು ನಾನೇ. ಅಲ್ಲಿಗೆ ಆ ಅರ್ಜೆಂಟಿನ ಓನರೂ ನಾನೇ ಅಂತಾಯಿತು.

"ಓನರಿಗೆ ಏನಪ್ಪಾ ಅಂಥಾ ಅರ್ಜೆಂಟು?" ಅಂದೆ. "ಮಗನ ಜೊತೆ ಇರೋಕೆ ಕೆನಡಾಗೆ ಹೋಗ್ತಿದ್ದಾರೆ ಸಾರ್." ನನಗಿರುವುದು ಒಬ್ಬಳೇ ಮಗಳು. ಇರುವುದು ಯಲಹಂಕದಲ್ಲಿ. ಸಂಜೆ ಆರು ಗಂಟೆಗೆ ಹನುಮಂತನಗರದಿಂದ ಹೊರಟರೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಆ ಮಾತು ಬೇರೆ.

ಮನೆ ಮಾರಿಸಿಕೊಡಿ ಅಂತ ಏಜೆಂಟರಿಗೆ ನಾನು ಹೇಳಿದ್ದ ಬೆಲೆ ಎರಡು ಕೋಟಿ. ಅದು ನಮ್ಮ ಏಜೆಂಟರ ಬಾಯಿಂದ ಅವರ ಗೆಳೆಯರ ಬಾಯಿಗೆ, ಅಲ್ಲಿಂದ ಇನ್ನಾರದೋ ಬಾಯಿಗೆ ಹೋಗುವಷ್ಟರಲ್ಲಿ 30 ಲಕ್ಷ ಸವೆದಿತ್ತು. ಆ ರೇಟಿಗೆ ಸಿಗುತ್ತದೆ ಅಂದರೆ ನಾನೇ ತಗೊಳ್ಳಬಹುದಲ್ಲ ಅಂತ ಒಂದು ಗಳಿಗೆ ಆಸೆಯೂ ಆಯಿತು.

ನಮ್ಮ ಏಜೆಂಟರ ಬಗ್ಗೆ ಎರಡು ಒಳ್ಳೆಯ ಮಾತು ಹೇಳಲೇಬೇಕು. ಬೆಳ್ಳಗಿನ ಶರ್ಟು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಎರಡು ಫೋನು. ವಿಸಿಟಿಂಗ್ ಕಾರ್ಡಿನ ಒಂದು ಕಡೆ ‘ಪ್ರಾಪರ್ಟಿ ಕನ್ಸಲ್ಟೆಂಟ್’ ಅಂತಿದೆ, ಹಿಂದೆ ‘ಶುದ್ಧ ಜೋನಿ ಬೆಲ್ಲ ದೊರೆಯುತ್ತದೆ’ ಅಂತಿದೆ. ಎಂಟು ತಿಂಗಳಲ್ಲಿ ನಾನು ಅವರಿಂದ ಪಡೆದಿರುವುದು ಎರಡು ಕೆಜಿ ಜೋನಿ ಬೆಲ್ಲ. ಬೆಲ್ಲ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಅವರು ತಂದ ಪಾರ್ಟಿಗಳಿಗೂ ಲೆಕ್ಕವಿಲ್ಲ. ಈ ದಂಧೆಯಲ್ಲಿ ಕೊಳ್ಳುವವರಿಗೆ ಪಾರ್ಟಿ ಅನ್ನುತ್ತಾರೆ, ಒಬ್ಬನೇ ಬಂದರೂ ಪಾರ್ಟಿಯೇ. ಆದರೆ ನಮ್ಮ ಮನೆಗೆ ಯಾರೂ ಒಬ್ಬರೇ ಬಂದಿಲ್ಲ. ಮೊದಲೆಲ್ಲ ಭಾನುವಾರ ಸಂಸಾರ ಸಮೇತ ಲಾಲ್‌ಬಾಗಿಗೆ ಹೋಗುತ್ತಿದ್ದರು. ಅಲ್ಲಿ ಒಳಗೆ ಹೋಗಲು ಟಿಕೆಟ್ಟು ತಗೋಬೇಕು. ನಮ್ಮ ಮನೆಗೆ ಟಿಕೆಟ್ಟಿಲ್ಲ, ಮೇಲೆ ಕಾಫಿಯೂ ಸಿಗುತ್ತದೆ. ಒಬ್ಬರು ಬೀರು ತೆಗೆದು ನೋಡಿದರು. ಬೀರು ಮಾರುವುದಿಲ್ಲ ಅಂದೆ. "ಸುಮ್ನೆ ನೋಡ್ದೆ" ಅಂದರು. ಒಬ್ಬ ಅಜ್ಜಿಗೆ ಮನೆ ಬೇಡವಾಗಿತ್ತು, ಹಿತ್ತಲಿನ ಒರಳುಕಲ್ಲು ಬೇಕಾಗಿತ್ತು. ನನ್ನ ಹೆಂಡತಿಯೂ ಅವರೂ ಅದರ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಈ ಎಂಟು ತಿಂಗಳಲ್ಲಿ ಆ ಮನೆಯಲ್ಲಿ ನಡೆದ ಒಂದೇ ಒಂದು ನೇರ ವ್ಯವಹಾರ ಅಂದರೆ ಅದು. ಅದೂ ಕುದುರಲಿಲ್ಲ, ಕಲ್ಲನ್ನು ಮೂರನೇ ಮಹಡಿಗೆ ಹೊರುವವರು ಸಿಗಲಿಲ್ಲ.

ಇನ್ನೊಂದು ಪಾರ್ಟಿ ವಾಸ್ತುವಿನವರು. ಯಜಮಾನರು ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಗ್ಯಾಸ್ ಒಲೆಯ ಮೇಲಿಟ್ಟರು. ಅಡುಗೆಮನೆ ಆಗ್ನೇಯಕ್ಕೇ ಇದೆ ಅಂತಾಯಿತು. ನಮ್ಮ ಏಜೆಂಟರ ಮುಖ ಅರಳಿತು. ಅಷ್ಟರಲ್ಲಿ ಯಜಮಾನರ ಭಾವಮೈದ ತನ್ನ ಮೊಬೈಲನ್ನೂ ಇಟ್ಟ. ಅವನ ಮೊಬೈಲಿನ ಪ್ರಕಾರ ಅದು ನೇರ ದಕ್ಷಿಣ. ಒಂದೇ ಒಲೆಗೆ ಎರಡು ದಿಕ್ಕು. ಇಬ್ಬರೂ ಹಾಲಿಗೆ ಬಂದು ಅಳೆದರು, ಸಂಪಿನ ಮೇಲೆ ನಿಂತು ಅಳೆದರು, ರಸ್ತೆಗೆ ಹೋಗಿ ಸೂರ್ಯನನ್ನು ನೋಡಿದರು. ಸೂರ್ಯ ನೆತ್ತಿಯ ಮೇಲಿದ್ದ, ಯಾರ ಪಕ್ಷವನ್ನೂ ವಹಿಸಲಿಲ್ಲ. ಕೊನೆಗೆ ಭಾವಮೈದನ ಮೊಬೈಲು ದುಬಾರಿಯದು ಅನ್ನುವ ಕಾರಣಕ್ಕೆ ಅವನ ದಕ್ಷಿಣವೇ ಗೆದ್ದಿತು. ನಲವತ್ತು ವರ್ಷ ಅದೇ ಒಲೆಯಲ್ಲಿ ಉಂಡು ನಾವೇನೂ ಸತ್ತಿಲ್ಲ ಅನ್ನೋಣ ಅಂತಿದ್ದೆ. ನಮ್ಮ ಏಜೆಂಟರು ಕಣ್ಣು ಹೊಡೆದು ತಡೆದರು.

ಖಾತೆಯ ಕತೆ ನಿಮಗೂ ಗೊತ್ತೇ ಇರುತ್ತದೆ. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಕಂಪ್ಯೂಟರ್ ದಾಖಲೆ, ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ. ಅಪ್ಪನ ಹೆಸರು ಕ್ರಯಪತ್ರದಲ್ಲಿ ಒಂದು ಥರ, ಕಂದಾಯದ ರಸೀದಿಯಲ್ಲಿ ಇನ್ನೊಂದು ಥರ. ನಡುವೆ ಒಂದು ‘ಟ’ಕಾರಕ್ಕೆ ಒತ್ತು ಬಂದುಬಿಟ್ಟಿದೆ. "ನಮ್ಮ ಹುಡುಗ ಒಬ್ಬ ಒಳಗಿದ್ದಾನೆ ಸಾರ್, ಮಾಡಿಸ್ತೀನಿ, ಸ್ವಲ್ಪ ಖರ್ಚಾಗುತ್ತೆ" ಅಂದರು ಏಜೆಂಟರು. ಆ ಹುಡುಗ ಮೂರು ತಿಂಗಳು ಒಳಗೇ ಇದ್ದ, ಹೊರಗೆ ಬರಲೇ ಇಲ್ಲ. ಕೊನೆಗೆ ಮಗಳು ಕೂತು ಆನ್‌ಲೈನಿನಲ್ಲಿ ಅರ್ಜಿ ಹಾಕಿ ಮಾಡಿಸಿದಳು. "ನೋಡಿದ್ರಾ ಸಾರ್, ಹುಡುಗ ಮಾಡಿಸಿಬಿಟ್ಟ" ಅಂದರು ಏಜೆಂಟರು.

ಸರ್ಕಾರವನ್ನೂ ಮೆಚ್ಚಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು 1 ಪರ್ಸೆಂಟಿನಿಂದ 2 ಪರ್ಸೆಂಟಿಗೆ ಏರಿಸಿತು. ನಮ್ಮ ಏಜೆಂಟರ ರೇಟೂ 2 ಪರ್ಸೆಂಟೇ. ಯಾರು ಯಾರನ್ನು ನೋಡಿ ಕಲಿತರೋ ಗೊತ್ತಿಲ್ಲ. ಸ್ಟ್ಯಾಂಪ್ ಡ್ಯೂಟಿ, ಸೆಸ್ಸು, ಸರ್‌ಚಾರ್ಜು ಸೇರಿದರೆ 7.6 ಪರ್ಸೆಂಟು. ಎರಡು ಕೋಟಿಗೆ 15 ಲಕ್ಷದ ಮೇಲೆ. ಅದನ್ನು ಕೇಳಿದ ಪ್ರತಿ ಪಾರ್ಟಿಯೂ ದನಿ ತಗ್ಗಿಸಿ ಒಂದೇ ಮಾತು ಹೇಳುತ್ತದೆ. "ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು ಸಾರ್?" ಪೂರ್ತಿ ವೈಟು ಅಂದರೆ ನನ್ನನ್ನು ಅಯ್ಯೋ ಪಾಪ ಅನ್ನುವಂತೆ ನೋಡುತ್ತಾರೆ. ಆಸ್ತಿ ಮಾರಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಂಡರೆ, ತಗೊಂಡಷ್ಟೇ ದುಡ್ಡು ದಂಡ ಬೀಳುವ ಕಾನೂನಿದೆ ಕಣ್ರೀ ಅಂದೆ ಒಬ್ಬರಿಗೆ. "ನೀವು ಮೇಷ್ಟ್ರಾ?" ಅಂತ ಕೇಳಿದರು.

ಹೋದ ತಿಂಗಳು ಏಜೆಂಟರು ಬಂದು ಬಹಳ ಕಕ್ಕುಲಾತಿಯಿಂದ ಕೂತರು. "ಸಾರ್, ಮಾರ್ಕೆಟ್ ಡೌನ್ ಇದೆ. ಒಂದು ಎಪ್ಪತ್ತೈದಕ್ಕೆ ಬಿಟ್ಟುಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು." ಅವರು ಹೋದ ಮೇಲೆ ಕಂದಾಯದ ರಸೀದಿಯ ಹಿಂದೆ ಲೆಕ್ಕ ಹಾಕಿದೆ. 2 ಪರ್ಸೆಂಟ್ ನನ್ನ ಕಡೆಯಿಂದ, 2 ಪರ್ಸೆಂಟ್ ಪಾರ್ಟಿಯ ಕಡೆಯಿಂದ. ಎರಡು ಕೋಟಿಗೆ ಹೋದರೆ ಅವರಿಗೆ 8 ಲಕ್ಷ. ಒಂದು ಎಪ್ಪತ್ತೈದಕ್ಕೆ ಹೋದರೆ 7 ಲಕ್ಷ. ನನಗೆ ಹೋಗುವುದು 25 ಲಕ್ಷ, ಅವರಿಗೆ ಹೋಗುವುದು ಒಂದು. ಆ ಒಂದು ಲಕ್ಷಕ್ಕೆ ಅವರು ಇನ್ನೂ ಆರು ತಿಂಗಳು ಯಾಕೆ ಅಲೆಯುತ್ತಾರೆ? ಪಾರ್ಟಿಯನ್ನು ಮೇಲೆ ಹತ್ತಿಸುವುದು ಕಷ್ಟ, ನನ್ನನ್ನು ಕೆಳಗೆ ಇಳಿಸುವುದು ಸುಲಭ. ನನಗೆ ಅರವತ್ತೆಂಟು ವರ್ಷ, ಮಂಡಿನೋವು ಬೇರೆ. ಇಳಿಯುತ್ತೇನೆ ಅಂತ ಅವರಿಗೆ ಗೊತ್ತು.

ದೂರು ಕೊಡಿ ಅಂತೀರಾ? ವಿಚಾರಿಸಿದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ ಏಜೆಂಟರೂ ನೋಂದಣಿ ಮಾಡಿಸಬೇಕು ಅಂತಿದೆ. ಆದರೆ ಅದು ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಫ್ಲಾಟು, ಸೈಟು ಮಾರುವವರಿಗೆ. ನಮ್ಮಪ್ಪ 1979ರಲ್ಲಿ ಕಟ್ಟಿಸಿದ ಮನೆ ಯಾವ ಪ್ರಾಜೆಕ್ಟೂ ಅಲ್ಲವಲ್ಲ. ಇನ್ನು ನಮ್ಮಿಬ್ಬರ ನಡುವೆ ಬರಹದಲ್ಲಿ ಇರುವುದು ಆ ವಿಸಿಟಿಂಗ್ ಕಾರ್ಡು ಒಂದೇ. ತಪ್ಪು ನನ್ನದೂ ಇದೆ. ಒಂದು ಹಾಳೆಯ ಮೇಲೆ ಇಷ್ಟು ಕಮಿಷನ್ನು, ಇಷ್ಟು ತಿಂಗಳು, ನನ್ನನ್ನು ಕೇಳದೆ ರೇಟು ಹೇಳಕೂಡದು ಅಂತ ಬರೆಸಿ ಸಹಿ ಹಾಕಿಸಬೇಕಿತ್ತು. ಗುರುತಿನವರು, ಹಣೆಯಲ್ಲಿ ಕುಂಕುಮ ಬೇರೆ, ಹೇಗೆ ಕೇಳುವುದು ಅಂತ ಸುಮ್ಮನಾದೆ.

ಇಲ್ಲಿಯವರೆಗೆ ನಗುತ್ತಲೇ ಇದ್ದೆ. ಗುರುವಾರ ಫೋನ್ ಮಾಡಿದ ಹುಡುಗ ಮಾತು ಮುಗಿಸಿ "ಪೇಪರ್ಸ್ ಕಳಿಸ್ತೀನಿ, ಲಾಯರಿಗೆ ತೋರಿಸಿ ಸಾರ್" ಅಂತ ವಾಟ್ಸಾಪ್ ಮಾಡಿದ. ತೆರೆದೆ. ಅಪ್ಪನ ಕ್ರಯಪತ್ರ. ಅಮ್ಮನ ಮರಣ ಪ್ರಮಾಣಪತ್ರ. ನನ್ನ ಆಧಾರ್ ಕಾರ್ಡು, ನಂಬರಿನ ಸಮೇತ. ಬ್ಯಾಂಕಿನ ಲೋನಿಗೆ ಬೇಕು ಅಂತ ಏಜೆಂಟ ಒಂದೇ ಒಂದು ಜೆರಾಕ್ಸ್ ಸೆಟ್ ತಗೊಂಡು ಹೋಗಿದ್ದ. ಮೇಲುಗಡೆ ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಅಂತಿದೆ. ಸಂಕ್ರಾಂತಿಯ ಶುಭಾಶಯದ ಹಾಗೆ ನಮ್ಮಮ್ಮನ ಸಾವನ್ನು ಊರಿಗೆಲ್ಲ ಹಂಚಿದ್ದಾನೆ. ಏಜೆಂಟನಿಗೆ ಫೋನ್ ಮಾಡಿ ಕೇಳಿದೆ. "ಅದೇನೂ ಆಗಲ್ಲ ಬಿಡಿ ಸಾರ್, ಎಲ್ಲಾ ನಮ್ಮೋರೇ" ಅಂದ. ಇನ್ನೊಂದು ಮಾತೂ ಅಂದ. "ಮನೆಗೇನೂ ವ್ಯಾಲ್ಯೂ ಇಲ್ಲ ಸಾರ್, ಸೈಟ್ ವ್ಯಾಲ್ಯೂ ಅಷ್ಟೇ. ಯಾರು ತಗೊಂಡ್ರೂ ಒಡೆಸಿ ಪಿಜಿ ಕಟ್ಟಿಸ್ತಾರೆ." ಅದು ನನಗೂ ಗೊತ್ತು. ಗೋಡೆ ಎದ್ದ ಮೇಲೆ ಅಮ್ಮ ಸಾಯಂಕಾಲ ಸಾಯಂಕಾಲ ಕೊಡ ಹೊತ್ತು ಅದಕ್ಕೆ ನೀರು ಹಾಕುತ್ತಿದ್ದಳು. ಅದಕ್ಕೆ ರೇಟು ಕಟ್ಟು ಅಂತ ನಾನು ಅವನನ್ನು ಕೇಳಿಲ್ಲ. ಎರಡು ಕೋಟಿ ಅಂತ ಹೇಳು ಅಂದಿದ್ದೆ, ಅದಷ್ಟನ್ನು ಹೇಳಿದ್ದರೆ ಸಾಕಿತ್ತು. ಅದಕ್ಕೂ ಅವನ ಕೈಲಿ ಆಗಲಿಲ್ಲ.

ಈಗ ಆ ಹುಡುಗನ ವಿಷಯ. ನಾನು ಯಾರು ಅಂತ ಅವನಿಗೆ ಇನ್ನೂ ಹೇಳಿಲ್ಲ. ಮನೆ ನೋಡಬೇಕಲ್ಲಪ್ಪಾ ಅಂದೆ. ಈ ಭಾನುವಾರ ಹನ್ನೊಂದಕ್ಕೆ ಅಂತ ನಿಗದಿಯಾಗಿದೆ. ಟೋಕನ್ ಅಡ್ವಾನ್ಸಿಗೆ ಚೆಕ್‌ಬುಕ್ ತನ್ನಿ ಅಂದಿದ್ದಾನೆ. "ಓನರ್ ಸ್ವಲ್ಪ ಕಿರಿಕ್ ಸಾರ್, ನೀವೇನೂ ಮಾತಾಡಬೇಡಿ, ನಾನು ಬರೋವರೆಗೂ ಗೇಟಿನ ಹೊರಗೇ ನಿಂತಿರಿ" ಅಂತಲೂ ಅಂದಿದ್ದಾನೆ.

ಹೆಂಡತಿಗೆ ಹೇಳಿದೆ. "ಕಾಫಿ ಮೂರು ಲೋಟ ಮಾಡ್ಲಾ, ನಾಲ್ಕಾ? ನೀವು ಒಳಗಿರ್ತೀರೋ ಹೊರಗಿರ್ತೀರೋ ಮೊದ್ಲು ಹೇಳಿ" ಅಂದಳು.